ಸವೆದ ಆನೆ

ತಾಳಗುಪ್ಪದಿಂದ ಹೊರಟ ರಾತ್ರಿ ರೈಲು ಸಾಗರಕ್ಕೆ ಬರುವಾಗ ನಾವು ನಾಲ್ವರೂ ಪ್ಲಾಟ್‌ಫಾರಂ ಮೇಲೆ ಕಾಯುತ್ತಿದ್ದೆವು. ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರ ಕೈಯಲ್ಲಿ ಬಟ್ಟೆಚೀಲ, ಅದರೊಳಗೆ ಎ.ವಿ. ನರಸಿಂಹಮೂರ್ತಿಯವರು 1975ರಲ್ಲಿ ಪ್ರಕಟಿಸಿದ ‘ದಿ ಕಾಯಿನ್ಸ್ ಆಫ್ ಕರ್ನಾಟಕ’. ಅಕ್ಕಸಾಲೆ ಕೆಲಸದ ಆಚಾರ್ರ ಜೇಬಿನಲ್ಲಿ ಅಂಗೈಯಗಲದ ತಕ್ಕಡಿ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಮೂವತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಕೊಟ್ಟ ನಮ್ಮ ಕಂಡಕ್ಟರ್ ಹೆಗಲಿಗೆ ಹಾಕಿಕೊಂಡಿದ್ದು ಅದೇ ಹಳೆಯ ಚರ್ಮದ ಚೀಲ. ನಾಣ್ಯ ಪ್ರದರ್ಶನಕ್ಕೆ ಹೋಗುವಾಗಲೆಲ್ಲ ಅವರಿಗೆ ಅದೇ ಬೇಕು. ನನ್ನ ಅಂಗಿಯ ಒಳಜೇಬಿನಲ್ಲಿ ಮಾತ್ರೆ ಕಟ್ಟಿಕೊಡುವ ಸಣ್ಣ ಕವರಿತ್ತು. ಅದರೊಳಗೆ ನಮ್ಮ ಮನೆಯ ದೇವರ ಪೆಟ್ಟಿಗೆಯ ಒಂದು ತಾಮ್ರದ ಬಿಲ್ಲೆ.

ಆ ಬಿಲ್ಲೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ದೀಪಾವಳಿಯ ಲಕ್ಷ್ಮೀಪೂಜೆಯ ಹಿಂದಿನ ದಿನ ನಮ್ಮ ಅಜ್ಜಿ ಮರದ ಪೆಟ್ಟಿಗೆಯಿಂದ ಏಳೆಂಟು ಹಳೆಯ ನಾಣ್ಯ ತೆಗೆದು ಬಾವಿಕಟ್ಟೆಯ ಮೇಲೆ ಇಡುತ್ತಿದ್ದಳು. ಅವನ್ನು ತೊಳೆಯುವ ಕೆಲಸ ನನ್ನದು. ಹುಣಸೆಹಣ್ಣಿನ ಕಿವುಚು, ಒಲೆಯ ಬೂದಿ, ತೆಂಗಿನ ನಾರು. ಕಪ್ಪಗಿದ್ದ ಬಿಲ್ಲೆ ಹತ್ತು ನಿಮಿಷ ತಿಕ್ಕಿದರೆ ಹೊಸ ತಂಬಿಗೆಯ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಅದರಲ್ಲಿ ಒಂದನ್ನು ಅಜ್ಜಿ ಬೇರೆಯಾಗಿ ಎತ್ತಿ ಕಲಶದ ಬುಡಕ್ಕೆ ಇಡುತ್ತಿದ್ದಳು. ‘ಇದು ಆನೆ ದುಡ್ಡೋ ಮಾಣಿ’ ಎನ್ನುತ್ತಿದ್ದಳು. ಎಷ್ಟು ತಿರುಗಿಸಿ ನೋಡಿದರೂ ನನಗೆ ಆನೆ ಕಾಣುತ್ತಿರಲಿಲ್ಲ. ಎರಡೂ ಕಡೆ ನುಣುಪು. ಅಜ್ಜಿಯ ಕಾಲಕ್ಕೂ ಆನೆ ಇತ್ತೋ ಇಲ್ಲವೋ, ಅವಳ ಅತ್ತೆ ಹೇಳಿದ್ದನ್ನು ಅವಳು ಹೇಳುತ್ತಿದ್ದಳೋ, ಕೇಳಿಟ್ಟುಕೊಳ್ಳುವ ಬುದ್ಧಿ ಆಗ ನನಗಿರಲಿಲ್ಲ. ಈಗ ಕೇಳೋಣವೆಂದರೆ ಅವಳಿಲ್ಲ. ಆ ಆನೆಯನ್ನು ಹುಡುಕುವುದಕ್ಕಾಗಿಯೇ ನಾನು ಈ ಸಲ ಹೊರಟಿದ್ದು.

ರೈಲಿನಲ್ಲಿ ಯಾರಿಗೂ ಬೇಗ ನಿದ್ದೆ ಬರಲಿಲ್ಲ. ಕೆಳಗಿನ ಬರ್ತಿನಲ್ಲಿ ಕಾಲು ಮಡಚಿ ಕುಳಿತ ಮೇಷ್ಟ್ರು ಮಾತು ತೆಗೆದರು. ಹಣ ಎಂದರೆ ಇವತ್ತು ನಮಗೆ ಒಟ್ಟು ಸಂಪತ್ತು. ಆದರೆ ಅದು ಒಂದು ನಾಣ್ಯದ ಹೆಸರು. ಚಿನ್ನದ್ದು, ವರಹದ ಹತ್ತನೆಯ ಒಂದು ಪಾಲು. ವರಹ ಸುಮಾರು 3.4 ಗ್ರಾಂ ತೂಗಿದರೆ ಹಣ ಮೂರೂವರೆ ನೂರು ಮಿಲಿಗ್ರಾಂ. ‘ಮೂರು ಗುಲಗಂಜಿ ಅನ್ನಿ ಮೇಷ್ಟ್ರೇ’ ಎಂದು ಮೇಲಿನ ಬರ್ತಿನಿಂದ ಆಚಾರ್ರ ದನಿ ಬಂತು. ಅವರಿಗೆ ಗ್ರಾಮಿನ ಲೆಕ್ಕ ಅಂಗಡಿಗೆ, ಗುಲಗಂಜಿಯ ಲೆಕ್ಕ ಮನಸ್ಸಿಗೆ. ಹೊನ್ನು, ವರಹ, ಹಣ, ಕಾಸು, ದುಡ್ಡು, ಹೀಗೆ ಕನ್ನಡದಲ್ಲಿ ಸಿರಿತನಕ್ಕೂ ಬಡತನಕ್ಕೂ ಬಳಸುವ ಮಾತುಗಳೆಲ್ಲ ಒಂದು ಕಾಲಕ್ಕೆ ಯಾರದೋ ಸೊಂಟದ ಚೀಲದಲ್ಲಿ ಝಣಗುಟ್ಟಿದ ಲೋಹದ ತುಂಡುಗಳು. ನಾಣ್ಯ ಎಂಬ ಮಾತಿಗೇ ನಮ್ಮ ಹಳ್ಳಿ ಕಡೆ ಇನ್ನೊಂದು ಅರ್ಥವಿದೆ. ನಾಣ್ಯವಾದ ಸರಕು, ನಾಣ್ಯಸ್ಥ ಮನುಷ್ಯ. ಹೇಳಿದಷ್ಟು ತೂಕ ಇರುವುದು, ಹೇಳಿದ ಹಾಗೆ ನಡೆಯುವುದು. ಈ ಎರಡನೆಯ ಅರ್ಥ ಮರುದಿನ ಮಧ್ಯಾಹ್ನ ನನಗೆ ಮತ್ತೆ ಮತ್ತೆ ನೆನಪಾಯಿತು.

ಬೆಳಗಿನ ಜಾವ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿದು, ನಿಲ್ದಾಣದಲ್ಲೇ ಮುಖ ತೊಳೆದು, ಇಡ್ಲಿ ತಿಂದು, ಎರಡು ಸಲ ಕಾಫಿ ಕುಡಿದು, ಪ್ರದರ್ಶನವಿದ್ದ ಕೆಂಪೇಗೌಡ ರಸ್ತೆಯ ಶಿಕ್ಷಕರ ಸದನಕ್ಕೆ ನಡೆದೇ ಹೋದೆವು. ಬಾಗಿಲು ತೆರೆಯಲು ಇನ್ನೂ ಹೊತ್ತಿತ್ತು. ಆಗಲೇ ಜನ ನಿಂತಿದ್ದರು. ಹೆಗಲ ಚೀಲದ ಕಾಲೇಜು ಹುಡುಗರು, ಅಪ್ಪನ ಕೈ ಹಿಡಿದ ಮಕ್ಕಳು, ಕೋಲೂರಿದ ಹಿರಿಯರು. ನನಗೆ ಈ ಸಾಲು ಬಹಳ ಇಷ್ಟ. ಸಾಗರದಲ್ಲಿ ನಾವು ನಾಲ್ವರೇ. ಹಳೆಯ ದುಡ್ಡಿಗೆ ಹೊಸ ದುಡ್ಡು ಸುರಿಯುವವರು ಎಂದು ಊರಿನವರು ನಮ್ಮನ್ನು ಆಡಿಕೊಳ್ಳುತ್ತಾರೆ. ಇಲ್ಲಿ ಪಕ್ಕದಲ್ಲಿ ನಿಂತವರಿಗೆ ನಾವು ಏನನ್ನೂ ವಿವರಿಸಬೇಕಿಲ್ಲ. ‘ನಿಮ್ಮದು ಯಾವ ಕಾಲದ್ದು?’ ಎಂದು ಕೇಳುತ್ತಾರೆ, ಅಷ್ಟೇ. ‘ಮೈಸೂರು’ ಎಂದರೆ ಸಾಕು, ಮಾತು ಹತ್ತಿಕೊಳ್ಳುತ್ತದೆ.

ಒಳಗೆ ಸಾಲು ಸಾಲು ಮೇಜು. ಗಾಜಿನ ಮುಚ್ಚಳದ ಪೆಟ್ಟಿಗೆಗಳು, ಮಕಮಲ್ಲಿನ ತಟ್ಟೆಗಳು, ಬಾಗಿಸಿ ಇಟ್ಟ ಬೆಳಕಿನ ದೀಪಗಳು. ನೋಟುಗಳ ಕಡೆ ಯಾವಾಗಲೂ ಗದ್ದಲ. ಹುಟ್ಟಿದ ತಾರೀಕಿಗೆ ಸರಿಹೊಂದುವ ನಂಬರಿನ ನೋಟು ಹುಡುಕುವವರು, 786 ಕೇಳುವವರು. ಅಂಚೆಚೀಟಿಯವರು ಒಂದು ಮೂಲೆಯಲ್ಲಿ ಸದ್ದಿಲ್ಲದೆ ಕೂತಿರುತ್ತಾರೆ. ಬಾಗಿಲ ಬಳಿ ಒಂದು ಪ್ಲಾಸ್ಟಿಕ್ ಬುಟ್ಟಿಯ ತುಂಬ ಬೇರೆ ಬೇರೆ ದೇಶದ ಚಿಲ್ಲರೆ, ಯಾವುದು ತೆಗೆದರೂ ಹತ್ತು ರೂಪಾಯಿ. ಆರೇಳು ಮಕ್ಕಳು ಮೊಣಕೈವರೆಗೆ ಕೈ ತೂರಿಸಿ ಕೆದಕುತ್ತಿದ್ದರು. ಒಬ್ಬಳು ಹುಡುಗಿ ತೂತಿರುವ ನಾಣ್ಯವೊಂದನ್ನು ಕಣ್ಣಿಗೆ ಹಿಡಿದು ತೂತಿನಿಂದ ನನ್ನನ್ನು ನೋಡಿದಳು. ನಾನು ನಮ್ಮ ದೇಶದ್ದೇ ತೂತಿನ ಕಾಸಿನ ಬಗ್ಗೆ ಹೇಳಿದೆ. 1943ರಿಂದ ಕೆಲವು ವರ್ಷ, ಯುದ್ಧದ ದಿನಗಳಲ್ಲಿ ತಾಮ್ರ ಉಳಿಸಲೆಂದು ನಡುವೆ ತೂತು ಬಿಟ್ಟು ಅಚ್ಚು ಹಾಕಿದ್ದು. ನಮ್ಮ ಕಡೆ ಹೆಂಗಸರು ಅದನ್ನು ದಾರಕ್ಕೆ ಪೋಣಿಸಿ ಮಕ್ಕಳ ಸೊಂಟಕ್ಕೆ ಕಟ್ಟುತ್ತಿದ್ದರು.

ಕಂಡಕ್ಟರ್ ಮೊದಲು ಹೋಗುವುದು ಗಣರಾಜ್ಯದ ನಾಣ್ಯಗಳ ಮೇಜಿಗೆ. ಅವರ ಸಂಗ್ರಹವೆಲ್ಲ ಟಿಕೆಟ್ ಚೀಲದಲ್ಲಿ ಹುಟ್ಟಿದ್ದು. ದಿನದ ಕೊನೆಗೆ ಡಿಪೋದಲ್ಲಿ ಲೆಕ್ಕ ಕಟ್ಟುವ ಮೊದಲು ಚಿಲ್ಲರೆ ಸುರಿದು, ಬೇಕಾದ್ದನ್ನು ಆರಿಸಿ, ಅಷ್ಟೇ ಮೊತ್ತ ತಮ್ಮ ಜೇಬಿನಿಂದ ಹಾಕಿ ಪಾವತಿ ಮಾಡುತ್ತಿದ್ದರು. ಇಸವಿಯ ಕೆಳಗಿನ ಸಣ್ಣ ಗುರುತನ್ನು ನೋಡಿ ನಾಣ್ಯ ಎಲ್ಲಿ ಹುಟ್ಟಿತು ಎಂದು ಹೇಳುವುದನ್ನು ನನಗೆ ಕಲಿಸಿದವರು ಅವರೇ. ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕಿ ಇದ್ದರೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಶಿವಮೊಗ್ಗದಿಂದ ಸಾಗರಕ್ಕೆ ಬರುವಷ್ಟರಲ್ಲಿ ನಾಲ್ಕೂ ಊರಿನ ನಾಣ್ಯಗಳು ಚೀಲದೊಳಗೆ ಬಂದು ಬೀಳುತ್ತಿದ್ದವಂತೆ. 2011ರ ಜೂನ್ 30ಕ್ಕೆ ನಾಲ್ಕಾಣೆ ಚಲಾವಣೆ ನಿಂತಾಗ ಅವರು ತಮ್ಮ ಬಳಿಯಿದ್ದ ಖಡ್ಗಮೃಗದ ಇಪ್ಪತ್ತೈದು ಪೈಸೆಗಳನ್ನೆಲ್ಲ ಒಂದು ಹಾರ್ಲಿಕ್ಸ್ ಬಾಟಲಿಗೆ ತುಂಬಿ ಇಟ್ಟರು. ಆ ಬಾಟಲಿ ಇವತ್ತೂ ಅವರ ಟಿ.ವಿ. ಪಕ್ಕದಲ್ಲಿದೆ.

ಅವತ್ತು ಅವರನ್ನು ಹಿಡಿದು ನಿಲ್ಲಿಸಿದ್ದು ಬೇರೆ ಮೇಜು. ವಿಜಯನಗರದ ಚಿನ್ನದ ನಾಣ್ಯಗಳ ತಟ್ಟೆಯಲ್ಲಿ ಕಿರುಬೆರಳ ಉಗುರಿಗಿಂತ ಚೂರು ದೊಡ್ಡದಾದ ಒಂದರ ಮೇಲೆ ಎರಡು ತಲೆಯ ಹಕ್ಕಿ. ಅಚ್ಯುತರಾಯನ ಗಂಡಭೇರುಂಡ. ಭೂತಗನ್ನಡಿಯಲ್ಲಿ ನೋಡಿದರೆ ಕೊಕ್ಕುಗಳಲ್ಲಿ, ಉಗುರುಗಳಲ್ಲಿ ಪುಟ್ಟ ಪುಟ್ಟ ಆನೆಗಳು. ಕಂಡಕ್ಟರ್ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: ‘ಮೂವತ್ತು ವರ್ಷ ಇದನ್ನೇ ಬಸ್ಸಿನ ಮೇಲೆ ನೋಡಿದೀನಿ ಸಾರ್.’ ನಿಜ. ಕೆ.ಎಸ್.ಆರ್.ಟಿ.ಸಿ.ಯ ಲಾಂಛನದಲ್ಲಿ ಗಂಡಭೇರುಂಡವಿದೆ, ರಾಜ್ಯದ ಲಾಂಛನದಲ್ಲಿದೆ, ಅದಕ್ಕೂ ಮುಂಚೆ ಮೈಸೂರು ಅರಸರದಾಗಿತ್ತು. ಹದಿನಾರನೇ ಶತಮಾನದಲ್ಲಿ ಹಂಪೆಯ ಪೇಟೆಯಲ್ಲಿ ಕೈ ಬದಲಿಸಿದ ಚಿನ್ನದ ಮೇಲಿನ ಹಕ್ಕಿ ಇವತ್ತು ಜೋಗದ ತಿರುವುಗಳಲ್ಲಿ ಬಸ್ಸಿನ ಜೊತೆ ತಿರುಗುತ್ತದೆ. ಅವರು ಅದನ್ನು ಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅಂಗಡಿಯವರನ್ನು ಕೇಳಿ ಫೋಟೊ ತೆಗೆದುಕೊಂಡರು. ‘ಮೊಮ್ಮಗನಿಗೆ ತೋರಿಸ್ತೀನಿ’ ಎಂದರು.

ಮೇಷ್ಟ್ರನ್ನು ನಾವು ಕಳೆದುಕೊಂಡದ್ದು ಹನ್ನೊಂದರ ಸುಮಾರಿಗೆ. ಹುಡುಕಿದರೆ ಹೊಯ್ಸಳರ ಚಿನ್ನದ ಮುಂದೆ ನಿಂತಿದ್ದಾರೆ, ಕನ್ನಡಕ ಹಣೆಗೇರಿದೆ. ಗಾಜಿನೊಳಗೆ ವಿಷ್ಣುವರ್ಧನನ ನಾಣ್ಯ. ಒಂದು ಕಡೆ ಸಿಂಹ, ಇನ್ನೊಂದು ಕಡೆ ಮೂರು ಸಾಲಿನಲ್ಲಿ ಕನ್ನಡ: ‘ಶ್ರೀ ತಲಕಾಡುಗೊಂಡ’. ಚೋಳರಿಂದ ತಲಕಾಡನ್ನು ಗೆದ್ದ ದೊರೆ ಆ ಸುದ್ದಿಯನ್ನು ಬೆರಳ ತುದಿಯ ಮೇಲೆ ನಿಲ್ಲುವಷ್ಟು ಚಿನ್ನದ ಮೇಲೆ ಬರೆಸಿ ಊರೂರಿಗೆ ಕಳಿಸಿದ. ನೊಳಂಬವಾಡಿಯನ್ನು ಗೆದ್ದಾಗ ‘ಶ್ರೀ ನೊಣಂಬವಾಡಿಗೊಂಡ’ ಎಂದು ಇನ್ನೊಂದು. ಮೇಷ್ಟ್ರು ಮೂವತ್ತೈದು ವರ್ಷ ಈ ಎರಡು ಬಿರುದುಗಳನ್ನು ಹಲಗೆಯ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸಿದವರು. ಕಣ್ಣಾರೆ ನೋಡಿದ್ದು ಅವತ್ತೇ. ‘ಗೊಂಡ ಅನ್ನೋದು ನೋಡಿ, ಗೊ, ಸೊನ್ನೆ, ಡ’ ಎಂದು ಗಾಜಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರ ಓದಿದರು. ಪಕ್ಕದಲ್ಲಿದ್ದ ಹುಡುಗನೊಬ್ಬ ತಾನೂ ಬಗ್ಗಿ ಓದಲು ಪ್ರಯತ್ನಿಸಿದ. ಅರ್ಧ ಗಂಟೆ ಅಲ್ಲಿ ಪಾಠ ನಡೆಯಿತು. ಅಂಗಡಿಯವರು ಬೇಸರಪಡಲಿಲ್ಲ, ಸ್ಟೂಲ್ ತಂದುಕೊಟ್ಟರು.

ಅದೇ ಹುಡುಗ ಆಮೇಲೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಅವನ ಸೋದರಮಾವನ ಊರಿನಲ್ಲಿ ಪಾಯ ಅಗೆಯುವಾಗ ಗಡಿಗೆಯೊಂದು ಸಿಕ್ಕಿತಂತೆ, ಒಳಗೆ ಸಣ್ಣ ಸಣ್ಣ ಚಿನ್ನದ ಹಣ. ಬೆಲೆ ಎಷ್ಟಾದೀತು ಎಂದು ಕೇಳಿದ. ಮೇಷ್ಟ್ರು ಬೆಲೆ ಹೇಳಲಿಲ್ಲ. ನೆಲದಲ್ಲಿ ಸಿಕ್ಕಿದ್ದನ್ನು ಸರ್ಕಾರಕ್ಕೆ ತಿಳಿಸಲೇಬೇಕು, 1878ರ ನಿಧಿ ಕಾಯಿದೆ ಹತ್ತು ರೂಪಾಯಿ ಮೀರಿದ ಬೆಲೆಯದ್ದಕ್ಕೆಲ್ಲ ಆ ನಿಯಮ ಇಟ್ಟಿತ್ತು, ನಮ್ಮ ರಾಜ್ಯದ್ದೇ 1962ರ ಕಾಯಿದೆಯೂ ಇದೆ ಎಂದು ನಿಧಾನವಾಗಿ ತಿಳಿಸಿದರು. ಆಮೇಲೆ ಚಂದ್ರವಳ್ಳಿಯ ಕಥೆ ಹೇಳಿದರು. 1929ರಲ್ಲಿ ಎಂ.ಎಚ್. ಕೃಷ್ಣ ಚಿತ್ರದುರ್ಗದ ಪಕ್ಕದ ಆ ಕಣಿವೆಯಲ್ಲಿ ಅಗೆಸಿದರು. ಆ ನೆಲ ಶಾತವಾಹನರ ಸೀಸದ ನಾಣ್ಯಗಳನ್ನೂ ಕೊಟ್ಟಿದೆ, ರೋಮಿನ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳನ್ನೂ ಕೊಟ್ಟಿದೆ. ಆ ಚಕ್ರವರ್ತಿಗಳ ಕಾಲ ನಮಗೆ ಗೊತ್ತು. ಹಾಗಾಗಿ ಅವರ ನಾಣ್ಯ ಬಿದ್ದಿದ್ದ ಮಣ್ಣಿನ ಪದರಕ್ಕೂ, ಅದರ ಜೊತೆಗಿನ ಮಡಕೆ ಚೂರಿಗೂ ಕಾಲ ಕಟ್ಟಬಹುದು. ‘ಗಡಿಗೆಯಿಂದ ಒಂದೊಂದೇ ಹಣ ತೆಗೆದು ಹಂಚಿಕೊಂಡರೆ ಚಿನ್ನ ಉಳಿಯುತ್ತೆ ಮಗು, ಮಾತು ಹೋಗುತ್ತೆ’ ಎಂದರು. ಹುಡುಗ ಚಿತ್ರವನ್ನು ಮತ್ತೊಮ್ಮೆ ನೋಡಿ, ಮಾವನಿಗೆ ಫೋನ್ ಮಾಡಲು ಹೊರಗೆ ಹೋದ. ಮಾವ ಏನು ಮಾಡಿದರೋ ನನಗೆ ತಿಳಿಯದು. ಹುಡುಗನ ಮುಖದಲ್ಲಿ ನನಗೆ ನಂಬಿಕೆ ಬಂತು.

ಊಟದ ಹೊತ್ತಿಗೆ ನಡೆದದ್ದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ. ಪಂಚೆ ಉಟ್ಟ ಹಿರಿಯರೊಬ್ಬರು ಮೇಜಿನಿಂದ ಮೇಜಿಗೆ ಹೋಗುತ್ತಿದ್ದರು. ಎಲ್ಲರೂ ತಲೆಯಾಡಿಸಿ ಕಳಿಸುತ್ತಿದ್ದರು. ಕೊನೆಗೆ ನಮ್ಮ ಪಕ್ಕ ಬಂದು ಕುಳಿತರು. ಕರವಸ್ತ್ರದ ಗಂಟು ಬಿಚ್ಚಿದರೆ ಒಂದು ದಪ್ಪ ನಾಣ್ಯ. ಒಂದು ಕಡೆ ರಾಮನ ಪಟ್ಟಾಭಿಷೇಕ. ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818. ಇಂಥದ್ದಕ್ಕೆ ಲಕ್ಷಗಟ್ಟಲೆ ಸಿಗುತ್ತದೆ ಎಂದು ಯಾರೋ ಮೊಬೈಲಿನಲ್ಲಿ ವಿಡಿಯೊ ತೋರಿಸಿದ್ದರು. ಅದರಲ್ಲಿದ್ದ ನಂಬರಿಗೆ ಕರೆ ಮಾಡಿದರೆ, ಕೊಳ್ಳುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದರು. ಕಟ್ಟಿದರು. ಆಮೇಲೆ ತೆರಿಗೆ ಎಂದರು. ಅದನ್ನೂ ಕಟ್ಟಿದರು. ಈಗ ಆ ನಂಬರು ಎತ್ತುವುದಿಲ್ಲ. ಮಗಳ ಮದುವೆ ಗೊತ್ತಾಗಿದೆ.

ಆಚಾರ್ರು ಆ ನಾಣ್ಯವನ್ನು ತೆಗೆದುಕೊಂಡು, ಅಂಚನ್ನು ನೋಡಿ, ಬೆರಳ ತುದಿಯಲ್ಲಿ ನಿಲ್ಲಿಸಿ ಇನ್ನೊಂದು ನಾಣ್ಯದಿಂದ ಮೆಲ್ಲಗೆ ತಟ್ಟಿದರು. ಅವರಿಗೆ ಅದರ ಅಗತ್ಯವಿರಲಿಲ್ಲ, ನೋಡಿದ ಕೂಡಲೇ ಗೊತ್ತಾಗಿತ್ತು. ಆದರೂ ಆ ಹಿರಿಯರ ವಸ್ತುವಿಗೆ ಪರೀಕ್ಷೆಯ ಮರ್ಯಾದೆ ಕೊಟ್ಟರು. ಆಮೇಲೆ ಅವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಹೇಳಿದರು: ‘ಯಜಮಾನ್ರೇ, ಇದು ಚಲಾವಣೆ ಆದ ನಾಣ್ಯ ಅಲ್ಲ. ಕಂಪನಿ ಸರ್ಕಾರ ರಾಮನ ಚಿತ್ರದ ದುಡ್ಡು ಯಾವತ್ತೂ ಹೊಡೆಸಿಲ್ಲ. ಇದು ಈಚಿನವರು ಪೂಜೆಗೆ ಅಂತ, ಮಾರಾಟಕ್ಕೆ ಅಂತ ಮಾಡಿದ ಬಿಲ್ಲೆ. ದೇವರ ಮನೇಲಿ ಇಡಿ, ತಪ್ಪಿಲ್ಲ. ಇನ್ನು ಯಾರು ಕೇಳಿದರೂ ಒಂದು ರೂಪಾಯಿ ಕಟ್ಟಬೇಡಿ.’ ಮೇಷ್ಟ್ರು, 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಈ ಬಗೆಯ ಮೋಸದ ಬಗ್ಗೆ ಜನರಿಗೆ ಎಚ್ಚರಿಕೆ ಕೊಟ್ಟಿದೆ, ಹಳೆಯ ನಾಣ್ಯ ನೋಟುಗಳ ವ್ಯವಹಾರದಲ್ಲಿ ಬ್ಯಾಂಕು ಇಲ್ಲ, ಅದರ ಪರವಾಗಿ ಶುಲ್ಕ ಕೇಳುವ ಅಧಿಕಾರ ಯಾರಿಗೂ ಇಲ್ಲ ಎಂದರು. ಕಟ್ಟಿದ ದುಡ್ಡಿನ ರಸೀದಿಗಳನ್ನು ಇಟ್ಟುಕೊಂಡು ಪೊಲೀಸ್ ಠಾಣೆಗೆ ದೂರು ಕೊಡಿ ಎಂದು ಕಂಡಕ್ಟರ್ ಒಂದು ಚೀಟಿಯಲ್ಲಿ ಎಲ್ಲವನ್ನೂ ಬರೆದುಕೊಟ್ಟರು. ಹಿರಿಯರು ನಾಣ್ಯವನ್ನು ಮತ್ತೆ ಕರವಸ್ತ್ರಕ್ಕೆ ಕಟ್ಟಿದರು. ನಮ್ಮ ಜೊತೆ ಊಟ ಮಾಡಿ ಹೋಗಿ ಎಂದು ಎಷ್ಟು ಕೇಳಿದರೂ ನಿಲ್ಲಲಿಲ್ಲ.

ಹಳೆಯ ವಸ್ತುಗಳನ್ನು ಪ್ರೀತಿಸುವ ನಮ್ಮಂಥವರೂ ಇಂಥ ಮೋಸಕ್ಕೆ ಎಡೆ ಮಾಡಿಕೊಟ್ಟಿದ್ದೇವೆ ಎಂದು ನನಗೆ ಅನಿಸುತ್ತದೆ. ಪತ್ರಿಕೆಯಲ್ಲಾಗಲಿ ಟಿ.ವಿ.ಯಲ್ಲಾಗಲಿ ನಾಣ್ಯದ ಸುದ್ದಿ ಬರುವುದು ಅದು ಇಷ್ಟು ಲಕ್ಷಕ್ಕೆ ಹೋಯಿತು ಎಂದೇ. ನಾವೂ ಮನೆಗೆ ಬಂದವರಿಗೆ ಮೊದಲು ಅದನ್ನೇ ಹೇಳುತ್ತೇವೆ. 1911ರ ಐದನೇ ಜಾರ್ಜ್ ರೂಪಾಯಿಯನ್ನೇ ನೋಡಿ. ದೊರೆಯ ಉಡುಪಿನ ಮೇಲಿನ ಪದಕದಲ್ಲಿ ಪುಟ್ಟ ಆನೆಯೊಂದಿದೆ. ಅದರ ಸೊಂಡಿಲು ಗಿಡ್ಡವಾಗಿ ಹಂದಿಯ ಹಾಗೆ ಕಂಡಿತು. ಜನ ಆಕ್ಷೇಪಿಸಿದರು. ಸರ್ಕಾರ ನಾಣ್ಯ ಹಿಂತೆಗೆದುಕೊಂಡು ಕರಗಿಸಿತು, 1912ರಿಂದ ಸೊಂಡಿಲು ಸರಿಯಾಗಿ ಕಾಣುವ ಹೊಸ ಅಚ್ಚು ಬಂತು. ಒಂದು ಚಕ್ರಾಧಿಪತ್ಯ ತನ್ನ ಪ್ರಜೆಗಳ ಮಾತಿಗೆ ಅಂಜಿ ಅಚ್ಚು ಬದಲಿಸಿದ ಕಥೆ ಅದು. ಆದರೆ ಅದನ್ನು ಮಾರುವ ಮೇಜಿನ ಮುಂದೆ ಎಲ್ಲರೂ ಕೇಳುವುದು ಎಷ್ಟಕ್ಕೆ ಎಂದು ಮಾತ್ರ.

ಮಧ್ಯಾಹ್ನ ನಾನು ಮೈಸೂರಿನ ನಾಣ್ಯಗಳ ಮೇಜಿಗೆ ಬಂದೆ. ಅಲ್ಲಿ ಕುಳಿತಿದ್ದವರು ಎಪ್ಪತ್ತು ದಾಟಿದ ಸಾಹೇಬರು. ತಂದೆಯ ಕಾಲದಿಂದ ಇದೇ ವ್ಯಾಪಾರ, ಪಾರಸಿ ಅಕ್ಷರ ಅವರಿಗೆ ನೀರು ಕುಡಿದಷ್ಟು ಸುಲಭ. ಸಾಗರದವನು ಎಂದ ಕೂಡಲೇ ಒಂದು ಚಿನ್ನದ ವರಹ ತೆಗೆದು ನನ್ನ ಅಂಗೈ ಮೇಲಿಟ್ಟರು. ‘ನಿಮ್ಮೂರಿನದೇ ಸಾರ್.’ ಒಂದು ಕಡೆ ಶಿವ ಪಾರ್ವತಿ ಕುಳಿತಿದ್ದಾರೆ. ತಿರುಗಿಸಿದರೆ ಚುಕ್ಕಿ ಚುಕ್ಕಿಯ ಬಯಲಿನ ಮೇಲೆ ಒಂದೇ ಒಂದು ಪಾರಸಿ ಅಕ್ಷರ, ಹೈದರನ ಹೆಸರಿನ ಮೊದಲಕ್ಷರ.

ನಾನು ಇದನ್ನು ಪುಸ್ತಕದಲ್ಲಿ ಎಷ್ಟೋ ಸಲ ನೋಡಿದ್ದೆ. ಕೈಯಲ್ಲಿ ಹಿಡಿದದ್ದು ಅದೇ ಮೊದಲು. ವಿಜಯನಗರದ ಇಮ್ಮಡಿ ಹರಿಹರ ಉಮಾಮಹೇಶ್ವರರನ್ನು ತನ್ನ ಚಿನ್ನದ ಮೇಲೆ ಕೂರಿಸಿದ್ದ. ನಮ್ಮ ಇಕ್ಕೇರಿಯ ನಾಯಕರು ಅದೇ ಚಿತ್ರ ಇಟ್ಟು ಹಿಂದೆ ‘ಶ್ರೀ ಸದಾಶಿವ’ ಎಂದು ನಾಗರಿಯಲ್ಲಿ ಬರೆಸಿದರು. ಇಕ್ಕೇರಿ ವರಹ ಎಂದರೆ ದೂರದ ಪೇಟೆಗಳಲ್ಲೂ ಎರಡು ಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದರು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ಗೆದ್ದವನು ಹಿಂದಿನವರ ಗುರುತನ್ನು ಅಳಿಸಲಿಲ್ಲ. ಶಿವ ಪಾರ್ವತಿಯರನ್ನು ಹಾಗೆಯೇ ಬಿಟ್ಟು ಹಿಂಬದಿಯಲ್ಲಿ ತನ್ನದೊಂದು ಅಕ್ಷರ ಇಟ್ಟ. ರೈತನೂ ಅಡಿಕೆ ಸಾಹುಕಾರನೂ ನಂಬಿದ ನಾಣ್ಯ ಅದು. ನಂಬಿಕೆ ಕೆಟ್ಟರೆ ವ್ಯಾಪಾರ ಕೆಡುತ್ತದೆ ಎಂಬುದು ಅವನಿಗೆ ತಿಳಿದಿತ್ತು. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲೂ ಅದೇ ದಂಪತಿ, ಹಿಂದೆ ‘ಶ್ರೀ ಕೃಷ್ಣರಾಜ’. ನಾಲ್ಕು ಆಳ್ವಿಕೆ, ನಾನೂರು ವರ್ಷ, ಒಂದೇ ಚಿತ್ರ. ಕೋಟೆ ಬಿದ್ದಿದೆ, ಅರಮನೆ ಸುಟ್ಟಿದೆ, ಊರಿನ ಹೆಸರೇ ಬಿದನೂರಿನಿಂದ ಹೈದರನಗರವಾಗಿ ನಗರವಾಗಿದೆ. ಪೇಟೆಯ ನಂಬಿಕೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ನಾಣ್ಯಸ್ಥ ಎಂಬ ಮಾತಿನ ತೂಕ ನನಗೆ ತಿಳಿದದ್ದು ಆ 3.4 ಗ್ರಾಮನ್ನು ಅಂಗೈಯಲ್ಲಿ ಹಿಡಿದಾಗ.

ಬೆಲೆ ನನ್ನ ಒಂದು ತಿಂಗಳ ಪಿಂಚಣಿಯನ್ನು ಮೀರಿತ್ತು. ವಾಪಸು ಕೊಟ್ಟೆ. ಸಾಹೇಬರಿಗೂ ಅದು ಗೊತ್ತಿತ್ತು. ಮಾರಲೆಂದು ಅಲ್ಲ, ಹಿಡಿದು ನೋಡಲೆಂದೇ ಕೊಟ್ಟಿದ್ದರು.

ಆಗ ನಾನು ಒಳಜೇಬಿನ ಕವರು ತೆಗೆದೆ. ಸಾಹೇಬರು ನಮ್ಮ ಬಿಲ್ಲೆಯನ್ನು ಅಂಚಿನಲ್ಲಿ ಹಿಡಿದು ದೀಪಕ್ಕೆ ಒಡ್ಡಿದರು. ‘ಯಾರು ಸಾರ್ ಇಷ್ಟು ತಿಕ್ಕಿದ್ದು?’ ನಾನು ಹೇಳಿದೆ. ಅವರು ತಲೆದೂಗಿದರು, ಬಯ್ಯಲಿಲ್ಲ. ಪೆಟ್ಟಿಗೆಯಿಂದ ಟಿಪ್ಪುವಿನ ತಾಮ್ರದ ಪೈಸೆಗಳ ಒಂದು ಹಿಡಿ ತೆಗೆದು ಕಪ್ಪು ಬಟ್ಟೆಯ ಮೇಲೆ ಸುರಿದರು. ಎಲ್ಲದರಲ್ಲೂ ಆನೆ. ಕೆಲವು ಎಡಕ್ಕೆ ನಡೆಯುತ್ತವೆ, ಕೆಲವು ಬಲಕ್ಕೆ. ಹಿಂಬದಿಯಲ್ಲಿ ಟಂಕಸಾಲೆಯ ಹೆಸರು. ಪಟ್ಟಣ ಎಂದರೆ ಶ್ರೀರಂಗಪಟ್ಟಣ, ಫೈಜ್ ಹಿಸಾರ್ ಎಂದರೆ ಗುತ್ತಿ, ಫರ್ರುಖ್‌ಯಾಬ್ ಹಿಸಾರ್ ಎಂದರೆ ಚಿತ್ರದುರ್ಗ. ಟಿಪ್ಪು ಅನೇಕ ಊರುಗಳಿಗೆ ಹೊಸ ಹೆಸರಿಟ್ಟ, ನಾಣ್ಯಗಳಿಗೂ ಇಟ್ಟ. ಈ ತಾಮ್ರದ ಪೈಸೆಗೆ ಜೊಹ್ರಾ, ಅಂದರೆ ಶುಕ್ರ ಗ್ರಹ. ಸಾಹೇಬರು ಹುಡುಕಿ ಒಂದನ್ನು ನನ್ನ ಮುಂದೆ ಸರಿಸಿದರು. ‘ಜರ್ಬ್ ನಗರ್’ ಎಂದು ಓದಿ ತೋರಿಸಿದರು. ನಗರದಲ್ಲಿ ಹೊಡೆದದ್ದು. ಹೊಸನಗರ ತಾಲ್ಲೂಕಿನ ಆ ನಗರ; ನಮ್ಮ ಅಜ್ಜಿಯ ತವರು ಅಲ್ಲಿಂದ ಒಂದು ದಿನದ ಗಾಡಿ ದಾರಿ.

ಇಸವಿ ಆನೆಯ ಮೇಲಿತ್ತು, ಅರ್ಧ ಸವೆದಿತ್ತು. ಬಲತುದಿಯಲ್ಲಿ 1, ಅದರ ಎಡಕ್ಕೆ 2, ಆಮೇಲೆ ಏನೂ ಇಲ್ಲ. ಮೇಷ್ಟ್ರು ಥಟ್ಟನೆ ಹೇಳಿದರು: ‘ಹಾಗಾದರೆ ಇದು 1787ರ ಮೇಲಿನದು.’ ಹೇಗೆ ಎಂದು ಕೇಳಿದೆ. ಟಿಪ್ಪು ಮೊದಲು ಹಿಜರಿ ಶಕ ಬಳಸುತ್ತಿದ್ದ, ಅಂಕಿಗಳು ನಾವು ಬರೆಯುವ ಹಾಗೆ ಎಡದಿಂದ ಬಲಕ್ಕೆ. ಆಮೇಲೆ ಮೌಲೂದಿ ಎಂಬ ತನ್ನದೇ ಎಣಿಕೆ ತಂದ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1 ಬಲತುದಿಯಲ್ಲಿ ನಿಂತಿದೆ ಎಂದರೆ ಓದುವ ದಿಕ್ಕು ಬದಲಾದ ಮೇಲಿನದು. ಉಳಿದ ಎರಡಂಕಿ ಹೋದರೂ ಇದ್ದ ಎರಡಂಕಿಯೇ ಅಷ್ಟು ಹೇಳಿತು.

ಆಚಾರ್ರು ತಕ್ಕಡಿ ತೆಗೆದು ಮೇಜಿನ ಮೇಲಿಟ್ಟರು. ನಗರದ ಪೈಸೆ ಹನ್ನೊಂದು ಗ್ರಾಮಿಗೆ ಸ್ವಲ್ಪ ಮೇಲೆ. ನಮ್ಮ ಮನೆಯದು ಒಂಬತ್ತೂವರೆ. ಒಂದೂವರೆ ಗ್ರಾಂ ತಾಮ್ರ ನಮ್ಮ ಬಾವಿಕಟ್ಟೆಯ ಕಲ್ಲಿನ ಮೇಲೆ, ಹುಣಸೆಹಣ್ಣಿನ ನೀರಿನ ಜೊತೆ ತೋಟಕ್ಕೆ ಹರಿದು ಹೋಗಿತ್ತು. ಆಮೇಲೆ ಅವರು ಕಣ್ಣಿಗೆ ಗಾಜು ಸಿಕ್ಕಿಸಿ, ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಬೆಳಕು ಅಡ್ಡಲಾಗಿ ಬೀಳುವ ಹಾಗೆ ಮಾಡಿ, ನಮ್ಮ ಬಿಲ್ಲೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸುತ್ತ ಹೋದರು. ಒಂದು ಕಡೆ ಕೈ ನಿಂತಿತು. ‘ಬನ್ನಿ, ಅಲ್ಲಾಡಿಸದೆ ನೋಡಿ’ ಎಂದರು.

ನೋಡಿದೆ. ಮೊದಲು ಬರೀ ಕೆಂಪು ಬಯಲು. ಕಣ್ಣು ಹೊಂದಿಕೊಂಡ ಮೇಲೆ ಒಂದು ಬಾಗಿದ ಗೆರೆ. ಪಕ್ಕದಲ್ಲಿಟ್ಟಿದ್ದ ನಗರದ ಪೈಸೆಯನ್ನು ನೋಡಿ ಮತ್ತೆ ಇದನ್ನು ನೋಡಿದೆ. ಅದು ಬೆನ್ನು. ಬೆನ್ನು ಇಳಿದು ಬರುವಲ್ಲಿ ಬಾಲದ ಬುಡ. ಕೆಳಗೆ ಎರಡು ಕಂಬದ ನೆರಳಿನಂಥವು, ಹಿಂಗಾಲುಗಳು. ತಲೆಯಿಲ್ಲ, ಸೊಂಡಿಲಿಲ್ಲ. ದೀಪ ಚೂರು ಅಲುಗಿದರೂ ಎಲ್ಲ ಮಾಯವಾಗುತ್ತಿತ್ತು. ಆದರೆ ಆನೆ ಇತ್ತು. ಅಜ್ಜಿ ಹೇಳಿದ್ದು ನಿಜ. ಅವಳಿಗೆ ಹೇಳಿದವರು ಹೇಳಿದ್ದೂ ನಿಜ. ಹಿಂಬದಿಯಲ್ಲಿ ಊರಿನ ಹೆಸರು ಇರಬೇಕಾದ ಕಡೆ ಎಷ್ಟು ತಿರುಗಿಸಿದರೂ ಒಂದು ಚುಕ್ಕಿಯೂ ಕಾಣಲಿಲ್ಲ. ನಗರದ್ದೋ ಪಟ್ಟಣದ್ದೋ, ಯಾರ ಕೈಯಿಂದ ನಮ್ಮ ಮನೆಗೆ ಬಂತೋ, ಇನ್ನು ಯಾರಿಗೂ ತಿಳಿಯುವುದಿಲ್ಲ. ಅದನ್ನು ಅಳಿಸಿದ್ದು ನನ್ನ ಕೈ. ಆ ಮೇಜಿನ ಮುಂದೆ ನನ್ನ ಕಣ್ಣು ತುಂಬಿ ಬಂದದ್ದನ್ನು ಮೂವರು ಗೆಳೆಯರೂ ನೋಡಿದರು, ಯಾರೂ ಏನೂ ಹೇಳಲಿಲ್ಲ. ಕಂಡಕ್ಟರ್ ಹೋಗಿ ಎಲ್ಲರಿಗೂ ಚಹಾ ತಂದರು, ಸಾಹೇಬರಿಗೂ.

ನಗರದ ಪೈಸೆಯನ್ನು ಆರುನೂರು ರೂಪಾಯಿಗೆ ತೆಗೆದುಕೊಂಡೆ. ಎರಡಕ್ಕೂ ಬೇರೆ ಬೇರೆ ಕವರು ಕೊಡಿ ಎಂದಾಗ ಸಾಹೇಬರು ಅಂಟು, ರಸಾಯನ ಯಾವುದೂ ಇಲ್ಲದ ಎರಡು ಹೋಲ್ಡರ್ ಹುಡುಕಿ ತಾವೇ ಹಾಕಿಕೊಟ್ಟರು. ಹೋಲ್ಡರಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ರಾತ್ರಿ ರೈಲಿನಲ್ಲಿ ಮೇಷ್ಟ್ರು ಪುಸ್ತಕ ಎದೆಯ ಮೇಲಿಟ್ಟುಕೊಂಡು ನಿದ್ದೆ ಹೋದರು. ಆಚಾರ್ರು ಹೊಯ್ಸಳರ ಅಚ್ಚು ಕೆತ್ತಿದವನು ಎಷ್ಟು ಸಣ್ಣ ಉಳಿ ಹಿಡಿದಿರಬೇಕು ಎಂದು ಕತ್ತಲಲ್ಲೇ ಲೆಕ್ಕ ಹಾಕುತ್ತಿದ್ದರು. ಕಂಡಕ್ಟರ್ ಗಂಡಭೇರುಂಡದ ಚಿತ್ರವನ್ನು ಮೊಮ್ಮಗನಿಗೆ ಆಗಲೇ ಕಳಿಸಿದ್ದರು. ಇದು ಅಜ್ಜನ ಬಸ್ಸಾ ಎಂದು ಅವನು ಕೇಳಿದನಂತೆ.

ನೀವು ಈ ಬರಹ ಓದುತ್ತಿದ್ದರೆ ಒಂದು ಕೆಲಸ ಮಾಡಿ. ನಿಮ್ಮ ಮನೆಯ ದೇವರ ಪೆಟ್ಟಿಗೆಯಲ್ಲೋ ಕಡಗೋಲಿನ ಗೂಟದ ಹಿಂದಿನ ಡಬ್ಬಿಯಲ್ಲೋ ಹಳೆಯ ಬಿಲ್ಲೆಯಿದ್ದರೆ, ಹಬ್ಬ ಬಂದರೂ ಅದನ್ನು ತಿಕ್ಕಬೇಡಿ. ಹುಣಸೆಹಣ್ಣು ಬೇಡ, ಬೂದಿ ಬೇಡ, ಪೇಟೆಯಲ್ಲಿ ಸಿಗುವ ಪಾಲಿಷೂ ಬೇಡ. ಆ ಕಪ್ಪು ಕೊಳೆಯಲ್ಲ, ಲೋಹದ ಚರ್ಮ. ಪೂಜೆಗೆ ಇಡಬೇಕೆಂದರೆ ಶುದ್ಧ ನೀರಿನಲ್ಲಿ ಅದ್ದಿ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ. ಅಷ್ಟು ಸಾಕು, ಲಕ್ಷ್ಮಿ ಕೋಪಿಸಿಕೊಳ್ಳುವುದಿಲ್ಲ. ತಾಮ್ರದ ಲೆಕ್ಕದಲ್ಲಿ ಗುಜರಿಗೆ ಹಾಕಬೇಡಿ. ಲಕ್ಷದ ಆಸೆ ತೋರಿಸುವ ಫೋನಿಗೆ ಕಿವಿ ಕೊಡಬೇಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು, ಇದು ಎಲ್ಲಿಂದ ಬಂತು, ಇದನ್ನು ಏನೆಂದು ಕರೆಯುತ್ತಿದ್ದಿರಿ ಎಂದು ಇವತ್ತೇ ಕೇಳಿ, ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಡಿ.